ಎಡಗಾಲಲ್ಲ, ಎಡಗಾಲಿ

ಆ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದು ಕಮಲಾಪುರದಿಂದ ಕಲಬುರಗಿಗೆ ಬರುವ ದಾರಿಯಲ್ಲಿ. ಪಿಕಪ್ಪಿನ ತುಂಬ ಕೆಂಪು ಬಾಳೆಗೊನೆ, ಅದರ ಮೇಲೆ ಒಣ ಎಲೆ, ಎಲೆಯ ಮೇಲೆ ತಾಡಪತ್ರಿ. ಪಕ್ಕದ ಸೀಟಿನಲ್ಲಿ ನನ್ನ ಗಂಡ. ಊರು ದಾಟಿ, ಟಾಪ್ ಗೇರಿಗೆ ಬಿದ್ದು, ಗಾಡಿ ಒಂದೇ ಸಮನೆ ಓಡುತ್ತಿದ್ದಾಗ ಕಿಟಕಿಯಿಂದ ಒಂದು ಸುಟ್ಟ ವಾಸನೆ ಒಳಗೆ ಬಂತು. ಕೂದಲು ಕರಕಲಾದಂತೆ, ಕುಕ್ಕರಿನ ರಬ್ಬರು ಒಲೆಯ ಮೇಲೆ ಬಿದ್ದಂತೆ.

ನನ್ನ ಗಂಡ ಮೂಗು ಏರಿಸಿ, "ಕ್ಲಚ್ ಸುಡ್ಲಾಕತ್ತದ. ಕಾಲು ತೆಗಿ" ಅಂದರು.

ನಾನು ಕೆಳಗೆ ನೋಡಿದೆ. ನನ್ನ ಎಡಗಾಲು ಕ್ಲಚ್ ಪೆಡಲಿನ ಮೇಲೆ ಇರಲಿಲ್ಲ, ಪಕ್ಕದಲ್ಲಿ ಮ್ಯಾಟಿನ ಮೇಲೆ ಆರಾಮಾಗಿ ಇತ್ತು. ಹಾಗೆಂದು ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಂಬಲಿಲ್ಲ ಎಂಬುದು ಮಾತಾಡದಿದ್ದರೂ ಗೊತ್ತಾಗುತ್ತದೆ.

ಈ ಗಾಡಿಯನ್ನು ಮೊದಲು ಓಡಿಸುತ್ತಿದ್ದವರು ಅವರೇ. ಹರೆಯದಿಂದ ಸ್ಟೇರಿಂಗ್ ಹಿಡಿದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಜೇವರ್ಗಿ ಕಾಲೋನಿಯ ದವಾಖಾನೆಯ ಡಾಕ್ಟರು ಇನ್ನು ಮುಂದೆ ಗಾಡಿ ಮುಟ್ಟಬೇಡಿ ಎಂದುಬಿಟ್ಟರು. ಮನೆಗೆ ಬಂದ ನೆಂಟರೆಲ್ಲ ಗಾಡಿ ಮಾರಿಬಿಡಿ ಎಂದೇ ಹೇಳಿ, ಚಹಾ ಕುಡಿದು ಹೋದರು. ನಾನು ಮಾರಲು ಬಿಡಲಿಲ್ಲ. ಸ್ಕೂಟಿ ಓಡಿಸುತ್ತಿದ್ದೆ, ಇದಕ್ಕೆ ಎರಡು ಗಾಲಿ ಹೆಚ್ಚು, ಅಷ್ಟೇ ಅಂದೆ. ಅವರೇ ಪಕ್ಕದಲ್ಲಿ ಕೂತು ಖಾಲಿ ಮೈದಾನದಲ್ಲಿ ಕಲಿಸಿದರು. ಕಲಿಸುವಾಗ ಬೈದರು, ಲೈಸೆನ್ಸ್ ಕೈಗೆ ಬಂದ ದಿನ ಓಣಿಗೆಲ್ಲ ಪೇಢಾ ಹಂಚಿದರು. ಆಮೇಲೆ ಎಲ್ಲಿಗೆ ಹೋದರೂ ಜೊತೆಗೆ ಬರುತ್ತಿದ್ದರು. ರಸ್ತೆ ಅವರಿಗೆ ಮಬ್ಬುಮಬ್ಬಾಗಿ ಕಾಣುತ್ತಿತ್ತು, ಆದರೆ ಎಂಜಿನ್ನಿನ ಸದ್ದು ನನಗಿಂತ ಮೊದಲು ಅವರಿಗೆ ಕೇಳುತ್ತಿತ್ತು.

ನಮ್ಮ ಮನೆ ಶಹಾಬಜಾರದ ಒಂದು ಸಂದಿಯಲ್ಲಿದೆ. ಗಾಡಿ ಒಳಗೆ ಬರುವುದಿಲ್ಲ, ಸಂದಿಯ ಬಾಯಲ್ಲೇ ನಿಲ್ಲಿಸಬೇಕು. ಆ ದಿನ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ವೈರು ಸುಟ್ಟಿದ್ದರೆ ಪ್ಲಾಸ್ಟಿಕ್ಕಿನ ವಾಸನೆ ಬರಬೇಕಿತ್ತು, ಬರಲಿಲ್ಲ. ಆಯಿಲ್ ಸೈಲೆನ್ಸರಿನ ಮೇಲೆ ಸೋರಿದ್ದರೆ ಜಿಡ್ಡು ಕಾಣಬೇಕಿತ್ತು, ಕಾಣಲಿಲ್ಲ. ರೇಡಿಯೇಟರಿನಲ್ಲಿ ನೀರು ಸರಿಯಾಗಿಯೇ ಇತ್ತು. ಮರುದಿನ ರಿಂಗ್ ರಸ್ತೆಯ ಗ್ಯಾರೇಜಿಗೆ ಒಯ್ದೆವು. ನಮ್ಮ ಗಾಡಿಯ ಕೆಲಸವೆಲ್ಲ ಅಲ್ಲೇ ಆಗುತ್ತಿತ್ತು.

ಮಿಸ್ತ್ರಿ ಕೇಳಿದ ಮೊದಲ ಪ್ರಶ್ನೆ, ಗಾಡಿ ಯಾರು ಓಡಿಸುತ್ತಾರೆ ಎಂಬುದು. ಕೇಳಿದ್ದು ನನ್ನ ಗಂಡನನ್ನು. ಅವರು ನನ್ನ ಕಡೆ ಕೈ ಮಾಡಿದರು. ಅಷ್ಟಕ್ಕೇ ಅವನ ತಪಾಸಣೆ ಮುಗಿಯಿತು. ಹೆಣ್ಣುಮಕ್ಕಳು ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತಾರೆ, ಪ್ಲೇಟು ಸುಟ್ಟಿರುತ್ತದೆ, ಹೊಸದು ಹಾಕಬೇಕು ಎಂದ. ಬೆಂಚಿನ ಮೇಲೆ ಕೂತು ತಮ್ಮ ಗಾಡಿಗಳಿಗೆ ಕಾಯುತ್ತಿದ್ದ ನಾಲ್ಕಾರು ಡ್ರೈವರುಗಳು ನಕ್ಕರು. ಒಬ್ಬ ತನ್ನ ಎಡಗಾಲನ್ನು ನೆಲಕ್ಕೆ ಒತ್ತಿ ಒತ್ತಿ ತೋರಿಸಿದ. ನಾನು ಗಾಡಿಯ ಕೆಳಗೊಮ್ಮೆ ನೋಡಿ ಎಂದೆ. ಅವನು ಹಿಂದಿನ ಗಾಲಿ ಎರಡನ್ನೂ ಒಂದೊಂದಾಗಿ ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದ. ಬುಗುರಿಯ ಹಾಗೆ ತಿರುಗಿದವು. ನೋಡಿ, ಎಲ್ಲ ಫ್ರೀ ಇದೆ ಎಂದ. ಕ್ಲಚ್ ಪ್ಲೇಟು ಹೊಸದಾಯಿತು.

ಆ ಮೇಲಿನ ಕೆಲವು ದಿನ ಊರೊಳಗಿನ ಬಾಡಿಗೆಯೇ ಸಿಕ್ಕಿತು. ಜೇವರ್ಗಿ ಕಾಲೋನಿಯಲ್ಲಿ ಮನೆ ಬದಲಿಸುವವರ ಕಪಾಟು, ಮಂಚ, ಮೋಮಿನಪುರದಿಂದ ಮದುವೆಯ ಕುರ್ಚಿ. ವಾಸನೆ ಇಲ್ಲ. ಮಿಸ್ತ್ರಿಯ ಮಾತೇ ಖರೆ ಇರಬೇಕು ಎಂದು ನನ್ನ ಗಂಡ ಅಂದರು. ನಾನು ನನ್ನ ಕಾಲನ್ನು ಕಳ್ಳನನ್ನು ಕಾಯುವಂತೆ ಕಾಯತೊಡಗಿದ್ದೆ. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಎಡಗಾಲು ಎಲ್ಲಿದೆ ಎಂದು ನೋಡಿಕೊಳ್ಳುವ ಚಟ ಹತ್ತಿತು. ನನ್ನ ಮೈಯ ಮೇಲೆ ನನಗೇ ಸಂಶಯ ಹುಟ್ಟಿಸಿದ್ದರಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ.

ಮತ್ತೆ ಬಾಳೆಯ ಲೋಡು ಬಂತು, ವಾಸನೆಯೂ ಬಂತು. ಈ ಸಲ ಹೆಚ್ಚು. ಕಲಬುರಗಿಯ ಮಾರ್ಕೆಟ್ಟಿನಲ್ಲಿ ಗಾಡಿ ನಿಲ್ಲಿಸಿದಾಗ ಬಾಳೆಯ ಸಾಹುಕಾರರು ಅಲ್ಲೇ ಇದ್ದರು. ಕಮಲಾಪುರದಲ್ಲಿ ಅವರದು ದೊಡ್ಡ ತೋಟ, ಆ ಹಂಗಾಮಿನ ಲೋಡನ್ನೆಲ್ಲ ನಮಗೇ ಕೊಟ್ಟಿದ್ದರು. ಮೂಗು ಮುಚ್ಚಿಕೊಂಡು, ಹಣ್ಣಿಗೆ ವಾಸನೆ ಹಿಡಿದರೆ ಯಾರು ಕೊಳ್ಳುತ್ತಾರೆ ಎಂದು ಕೇಳಿದರು. ಅಲ್ಲೇ ನಿಂತು ಗ್ಯಾರೇಜಿಗೆ ಫೋನು ಹಚ್ಚಿದರು. ಗಾಡಿಯಲ್ಲಿ ಏನೂ ಇಲ್ಲ, ಹೊಸ ಪ್ಲೇಟು ಹಾಕಿದ್ದೇನೆ, ಆ ಅಕ್ಕ ಅದನ್ನೂ ಸುಡುತ್ತಿದ್ದಾಳೆ ಎಂದು ಮಿಸ್ತ್ರಿ ಹೇಳಿದ್ದು ಹೊರಗೇ ಕೇಳಿಸಿತು. ಸಾಹುಕಾರರು ಫೋನು ಇಟ್ಟು ನನ್ನ ಗಂಡನ ಕಡೆ ತಿರುಗಿದರು.

"ನಿಮ್ಮ ಮನಿಯಾಕಿಗೆ ಆಗೋ ಕೆಲಸ ಅಲ್ಲ ಇದು. ಒಬ್ಬ ಡ್ರೈವರ್ ಇಡ್ರಿ. ಇಲ್ಲಾಂದ್ರ ನಾ ಬ್ಯಾರೆ ಗಾಡಿ ನೋಡ್ಕೋತೀನಿ."

ನಾನು ಅವರ ಎದುರಿಗೇ ನಿಂತಿದ್ದೆ. ಕೀಲಿ ನನ್ನ ಕೈಯಲ್ಲಿತ್ತು. ಮಾತು ಮಾತ್ರ ನನ್ನ ತಲೆಯ ಮೇಲಿಂದ ದಾಟಿ ಹೋಯಿತು.

ಸಂಜೆ ಮನೆಯಲ್ಲಿ ನನ್ನ ಗಂಡ, ಸ್ವಲ್ಪ ದಿನದ ಮಟ್ಟಿಗೆ ಒಬ್ಬ ಡ್ರೈವರನನ್ನು ಇಡೋಣವೇ ಎಂದು ಕೇಳಿದರು. ಮೆತ್ತಗೆಯೇ ಕೇಳಿದರು. ಆ ಮೆತ್ತಗಿನ ದನಿ ಬೆಂಚಿನವರ ನಗೆಗಿಂತ ಹೆಚ್ಚು ಚುಚ್ಚಿತು.

"ಡ್ರೈವರ್ ಬ್ಯಾಡ," ಅಂದೆ. "ನೀವೂ ನನ್ನ ಕಾಲಂತೀರಿ, ಅವರೂ ನನ್ನ ಕಾಲಂತಾರ. ಯಾರರೇ ನೋಡೀರೇನು? ವಾಸನಿ ಎಲ್ಲಿಂದ ಬರ್ತದ ಅಂತ ನಾನೇ ಹುಡುಕ್ತೀನಿ. ಸಿಗಲಿಲ್ಲಾಂದ್ರ ಕೀಲಿ ನಿಮ್ಮ ಕೈಯಾಗ ಇಡ್ತೀನಿ."

ಆ ರಾತ್ರಿ ಅನ್ನಕ್ಕೆ ಕೂತಾಗ ಒಂದು ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ವಾಸನೆ ಬಂತು ಎಂದು ಎಲ್ಲರೂ ಹೇಳಿದ್ದರು. ಯಾವಾಗ ಬರುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ. ಬಜಾರದ ಗದ್ದಲದಲ್ಲಿ, ಹೆಜ್ಜೆಗೊಮ್ಮೆ ಆಟೋ ಅಡ್ಡ ಬರುವಲ್ಲಿ, ಕ್ಲಚ್ಚನ್ನು ಒತ್ತಿ ಒತ್ತಿ ಮೊಣಕಾಲು ನೋಯುವಲ್ಲಿ ವಾಸನೆ ಬರುತ್ತಿರಲಿಲ್ಲ. ಕ್ಲಚ್ಚಿಗೆ ಕೆಲಸವೇ ಇಲ್ಲದ ಖಾಲಿ ರಸ್ತೆಯಲ್ಲಿ ಬರುತ್ತಿತ್ತು. ಅದೂ ಲೋಡು ಇದ್ದಾಗ ಮಾತ್ರ. ಕಮಲಾಪುರಕ್ಕೆ ಖಾಲಿ ಹೋಗುವಾಗ ಒಮ್ಮೆಯೂ ಬಂದಿರಲಿಲ್ಲ. ಇದನ್ನು ಹೇಳಿದಾಗ ನನ್ನ ಗಂಡ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು, ಹೌದಲ್ಲ ಅಂದರು. ಕ್ಲಚ್ಚೂ ಬ್ರೇಕೂ ಸುಟ್ಟರೆ ವಾಸನೆ ಹೆಚ್ಚುಕಡಿಮೆ ಒಂದೇ ಎಂದೂ ಅವರೇ ಹೇಳಿದರು. ಆದರೆ ಗಾಲಿ ಫ್ರೀ ತಿರುಗಿದ್ದನ್ನು ಮಿಸ್ತ್ರಿ ತೋರಿಸಿದ್ದನಲ್ಲ ಎಂದು ಮತ್ತೆ ಅಲ್ಲಿಗೇ ಬಂದು ನಿಂತರು.

ನನ್ನ ಗಂಡನ ಕೈಲಿ ಸಾಹುಕಾರರಿಗೆ ಫೋನು ಹಚ್ಚಿಸಿ ಇನ್ನೊಂದು ಲೋಡು ಕೇಳಿಸಿದೆ. ಬೇರೆ ಗಾಡಿ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಕೊಟ್ಟರು. ಬೆಳಿಗ್ಗೆ ತೋಟದಲ್ಲಿ ಗೊನೆ ತುಂಬಿಸಿಕೊಂಡು ಹೊರಟೆವು. ಊರು ಬಿಟ್ಟು ರಸ್ತೆ ನೇರವಾದ ಕಡೆ ಟಾಪ್ ಗೇರ್ ಹಾಕಿದೆ. ಹಿಂದೆ ಮುಂದೆ ಯಾವ ಗಾಡಿಯೂ ಇರಲಿಲ್ಲ. ಎಡಗಾಲಿನ ಚಪ್ಪಲಿ ಕಳಚಿ, ಕಾಲನ್ನು ಎತ್ತಿ, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಮಡಚಿಟ್ಟುಕೊಂಡೆ. ಯಾರೂ ಮಾಡಬಾರದ ಕೆಲಸ ಅದು. ಆ ದಿನ ನನಗೆ ಬೇರೆ ಸಾಕ್ಷಿ ಇರಲಿಲ್ಲ.

"ನನ್ನ ಕಾಲು ಎಲ್ಲದ ನೋಡ್ರಿ."

ಅವರಿಗೆ ಸರಿಯಾಗಿ ಕಾಣಲಿಲ್ಲ. ಕೈ ಚಾಚಿ ತಡವಿದರು. ಮೊದಲು ಮೊಣಕಾಲು ಸಿಕ್ಕಿತು, ಆಮೇಲೆ ಸೀಟಿನ ಮೇಲೆ ಮಡಚಿದ ಪಾದ ಸಿಕ್ಕಿತು. ಪಾದದ ಮೇಲೆ ಕೈ ಇಟ್ಟುಕೊಂಡೇ ಕೂತರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ವಾಸನೆ ಬಂತು. ಅವರ ಕೈ ನನ್ನ ಪಾದದ ಮೇಲೆ ಇರುವಾಗಲೇ ಬಂತು.

ಕಾಲು ಕೆಳಗಿಳಿಸಿದೆ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟೆ. ಅಷ್ಟು ಭಾರ ಹೊತ್ತ ಗಾಡಿ ತನ್ನ ವೇಗಕ್ಕೇ ಎಷ್ಟೋ ದೂರ ಉರುಳಬೇಕು. ಇದು ಹಿಂದಿನಿಂದ ಯಾರೋ ಸೆರಗು ಹಿಡಿದು ಜಗ್ಗಿದ ಹಾಗೆ ಬಲು ಬೇಗ ನಿಂತುಬಿಟ್ಟಿತು. ಪಕ್ಕಕ್ಕೆ ತಂದು, ಇಳಿದು ಗಾಲಿಗಳಿಗೆ ಕಲ್ಲು ಕೊಟ್ಟೆ. ಕುಡಿಯುವ ನೀರಿನ ಬಾಟಲಿ ತೆಗೆದುಕೊಂಡು ಒಂದೊಂದೇ ಗಾಲಿಯ ಹತ್ತಿರ ಹೋದೆ. ಹಂಚು ಕಾದಿದೆಯೋ ಇಲ್ಲವೋ ಎಂದು ನೋಡಲು ಬೆರಳ ತುದಿಯಿಂದ ನೀರು ಸಿಡಿಸುತ್ತೇವಲ್ಲ, ಹಾಗೆ ನಡುವಿನ ಕಬ್ಬಿಣದ ಮೇಲೆ ಎರಡೆರಡು ಹನಿ ಸಿಡಿಸಿದೆ. ಮುಂದಿನ ಎರಡು ಗಾಲಿಗಳ ಮೇಲೆ ಹನಿ ಹಾಗೇ ಇಳಿದುಹೋಯಿತು. ಹಿಂದಿನ ಬಲಗಾಲಿಯ ಮೇಲೆ ನಿಂತು ಮೆಲ್ಲಗೆ ಆರಿತು. ಹಿಂದಿನ ಎಡಗಾಲಿಯ ಮೇಲೆ ಚುಂಯ್ ಎಂದು ಹಾರಿ ಹೋಯಿತು. ತೆಳ್ಳಗೆ ಹೊಗೆಯೂ ಏಳುತ್ತಿತ್ತು.

ಆ ಸದ್ದು ನನ್ನ ಗಂಡನಿಗೆ ನಿಂತಲ್ಲಿಂದಲೇ ಕೇಳಿಸಿತು. "ಬ್ರೇಕ್ ಹಿಡದಾದ," ಅಂದರು. ನೀರು ಸುರಿಯಬೇಡ, ಕಾದ ಡ್ರಮ್ಮು ಸೀಳುತ್ತದೆ, ತಾನಾಗಿ ಆರಲಿ ಎಂದೂ ಹೇಳಿದರು.

ಅದು ಆರುವವರೆಗೆ ಬೇಲಿಯ ಬದಿಯ ನೆರಳಲ್ಲಿ ಕೂತೆವು. ಆಮೇಲೆ ಬಾಳೆಯ ಒಣ ಎಲೆ ಹಾಸಿಕೊಂಡು, ಸೀರೆ ಬಿಗಿದುಕೊಂಡು ಗಾಡಿಯ ಕೆಳಗೆ ನುಸುಳಿದೆ. ಮೊಬೈಲಿನ ಬೆಳಕಿನಲ್ಲಿ ಹ್ಯಾಂಡ್‌ಬ್ರೇಕಿನ ಕೇಬಲ್ಲು ಕಂಡಿತು. ನಡುವಿನಿಂದ ಎರಡು ಕವಲಾಗಿ ಹಿಂದಿನ ಎರಡೂ ಗಾಲಿಗೆ ಹೋಗುತ್ತದೆ. ಬಲಗಡೆಯದು ಸ್ವಲ್ಪ ಜೋತು ಬಿದ್ದಿತ್ತು. ಎಡಗಡೆಯದು ಬಟ್ಟೆ ಒಣಹಾಕುವ ತಂತಿಯಂತೆ ಬಿಗಿದು ನಿಂತಿತ್ತು. ಬೆರಳಿಂದ ಮೀಟಿದರೆ ಅಲುಗಲಿಲ್ಲ. ಹ್ಯಾಂಡ್‌ಬ್ರೇಕ್ ನಾನು ಎಳೆದಿರಲಿಲ್ಲ. ಕೇಬಲ್ಲಿನ ಗುಂಟ ಬೆಳಕು ಹಿಡಿದು ಹೋದೆ. ಹಿಂದಿನ ಗಾಲಿಯ ಮೇಲಿನ ಪಾಟಾ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು ಇದೆಯಲ್ಲ, ಅದರ ಹತ್ತಿರ ಬಲಗಡೆಯ ಕೇಬಲ್ಲು ಕೆಳಗಿನಿಂದ ಹೋಗಿತ್ತು. ಎಡಗಡೆಯದು ಪಾಟಾದ ಮೇಲೆ ಹತ್ತಿ ಕೂತಿತ್ತು.

ಆಗ ತಲೆಗೆ ಹೊಳೆಯಿತು. ಬಾಳೆಯ ಲೋಡು ಹಿಡಿಯುವ ಮುಂಚೆ, ಭಾರ ತಡೆಯಲಿ ಎಂದು ಅದೇ ಗ್ಯಾರೇಜಿನಲ್ಲಿ ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿಸಿದ್ದೆವು. ಕೆಲಸ ಮುಗಿಸಿ ಜೋಡಿಸುವಾಗ ಎಡಗಡೆಯ ಕೇಬಲ್ಲನ್ನು ತಪ್ಪು ದಾರಿಯಲ್ಲಿ ಕಟ್ಟಿದ್ದರು. ಖಾಲಿ ಇದ್ದಾಗ ಅದಕ್ಕೆ ತೊಂದರೆ ಇರಲಿಲ್ಲ. ಲೋಡು ಬಿದ್ದು ಪಾಟಾ ಚಪ್ಪಟೆಯಾದರೆ ಕೇಬಲ್ಲು ಬಿಗಿಯುತ್ತಿತ್ತು, ಬ್ರೇಕು ತಾನಾಗಿ ಹಿಡಿಯುತ್ತಿತ್ತು. ಖಾಲಿ ಗಾಡಿಯನ್ನು ಜಾಕಿನ ಮೇಲೆ ಎತ್ತಿ ಗಾಲಿ ತಿರುಗಿಸಿದರೆ ಬುಗುರಿಯ ಹಾಗೆ ತಿರುಗದೆ ಏನು ಮಾಡೀತು!

ನನ್ನ ಗಂಡ ಹೇಳಿಕೊಟ್ಟಂತೆ ಕೇಬಲ್ಲಿನ ನಟ್ಟನ್ನು ಪಾನಾ ಹಾಕಿ ಸಡಿಲಿಸಿದೆ. ಎಡಗಡೆಯ ತಂತಿ ಜೋತು ಬಿತ್ತು. ಹ್ಯಾಂಡ್‌ಬ್ರೇಕ್ ಈಗ ಇಲ್ಲ, ಎಲ್ಲಿ ನಿಲ್ಲಿಸಿದರೂ ಕಲ್ಲು ಕೊಡಬೇಕು, ಆದರೆ ಗಾಲಿಗೆ ಬಿಡುಗಡೆಯಾಯಿತು. ಮೆಲ್ಲಗೆ ಓಡಿಸಿಕೊಂಡು ಕಲಬುರಗಿ ಮುಟ್ಟಿದೆವು.

ಮಾರ್ಕೆಟ್ಟಿಗೆ ಹೋಗಿ ಲೋಡು ಇಳಿಸಿಬಿಡು, ಆಮೇಲೆ ಗ್ಯಾರೇಜಿಗೆ ಹೋಗೋಣ ಎಂದರು ನನ್ನ ಗಂಡ. ಸಾಹುಕಾರರ ಫೋನೂ ಮೇಲಿಂದ ಮೇಲೆ ಬರುತ್ತಿತ್ತು. ನಾನು ರಿಂಗ್ ರಸ್ತೆಯ ಕಡೆಗೇ ತಿರುಗಿಸಿದೆ. ಇಳಿಸಿದ ಗಾಡಿಯನ್ನು ತೋರಿಸಿದರೆ ಮತ್ತೆ ನನ್ನ ಕಾಲನ್ನೇ ತೋರಿಸುತ್ತಾರೆ ಎಂಬುದು ಗೊತ್ತಿತ್ತು.

ಗ್ಯಾರೇಜಿನಲ್ಲಿ, ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ಒಂದು ಉದ್ದನೆಯ ಗುಂಡಿ ತೋಡಿದ್ದಾರೆ. ಗಾಡಿಯನ್ನು ನೇರ ಅದರ ಮೇಲೆ ತಂದು ನಿಲ್ಲಿಸಿ ಗಾಲಿಗೆ ಕಲ್ಲಿಟ್ಟೆ. ಬೆಂಚು ಅವತ್ತೂ ತುಂಬಿತ್ತು. ಮಿಸ್ತ್ರಿ ಕೈ ಒರೆಸುತ್ತ ಬಂದು, ಲೋಡು ಇಳಿಸಿ ಖಾಲಿ ಮಾಡಿಕೊಂಡು ಬನ್ನಿ ಎಂದ.

"ಖಾಲಿ ಮಾಡಿದ್ರ ನಿಮಗ ಏನೂ ಕಾಣಂಗಿಲ್ಲ," ಅಂದೆ. "ಅದಕ್ಕೇ ತುಂಬಿದ್ದು ತಂದೀನಿ. ಗುಂಡ್ಯಾಗ ಇಳೀರಿ. ನಾನೂ ಇಳೀತೀನಿ."

ಅವನು ನನ್ನ ಗಂಡನ ಮುಖ ನೋಡಿದ. ಅವರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. "ಆಕಿ ಹೇಳಿದ್ದು ಕೇಳ್ರಿ," ಎಂದಷ್ಟೇ ಹೇಳಿದರು.

ಇಬ್ಬರೂ ಇಳಿದೆವು. ಗ್ರೀಸು ಮೆತ್ತಿದ ಮೆಟ್ಟಿಲು, ಸೀರೆಯ ಅಂಚೆಲ್ಲ ಕಪ್ಪಾಯಿತು. ನಾನು ಸಡಿಲಿಸಿದ್ದ ನಟ್ಟನ್ನು ಅವನ ಎದುರಿಗೇ ಮೊದಲಿದ್ದಷ್ಟು ಬಿಗಿ ಮಾಡಿದೆ. ಬಲಗಡೆಯ ತಂತಿ ಜೋತೇ ಇತ್ತು, ಎಡಗಡೆಯದು ಬಿಗಿದುಕೊಂಡಿತು. ಮೊಬೈಲಿನ ಬೆಳಕನ್ನು ಪಾಟಾದ ಕಡೆ ಹಿಡಿದೆ. ಅವನು ಬಹಳ ಹೊತ್ತು ನೋಡಿದ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ.

"ಕೇಬಲ್ ಪಾಟಾದ ಮ್ಯಾಲೆ ಕುಂತದ," ಅಂದ.

"ಯಾರು ಕುಂದ್ರಿಸ್ಯಾರ?"

ಕೆಲಸದ ಹುಡುಗರು ಗಡಿಬಿಡಿಯಲ್ಲಿ ಮಾಡಿರಬೇಕು ಎಂದು ಗೊಣಗಿದ.

"ಗಾಡಿ ನಿಮ್ಮ ಕೈಯಾಗ ಕೊಟ್ಟಿದ್ದೆ, ಹುಡುಗರ ಕೈಯಾಗಲ್ಲ. ನನ್ನ ಕಾಲಿನ ಮಾತು ಆಡಿದೋರೂ ನೀವೇ."

ಅವನು ಬೆರಳಿಂದ ಆ ಕೇಬಲ್ಲನ್ನು ಒತ್ತಿ ನೋಡಿದ. ಕೆಟ್ಟ ಮನುಷ್ಯನೇನಲ್ಲ. ಕೈಯಲ್ಲಿ ಕೆಲಸವಿತ್ತು, ಕಣ್ಣಿಗೆ ಮಾತ್ರ ಸೋಮಾರಿತನ. ಗಾಡಿ ನೋಡುವ ಬದಲು ಓಡಿಸುವವಳನ್ನು ನೋಡಿ ತೀರ್ಮಾನ ಮಾಡಿದ್ದ. ಈಗ ಪಾನಾ ತಂದು ಕ್ಲಾಂಪು ಬಿಚ್ಚಿ, ಕೇಬಲ್ಲನ್ನು ಪಾಟಾದ ಕೆಳಗಿನಿಂದ ತಂದು ಮೊದಲಿನ ಕೊಂಡಿಗೆ ಸಿಕ್ಕಿಸಿದ. ತಂತಿ ಎರಡೂ ಕಡೆ ಒಂದೇ ಸಮ ಆಯಿತು. ಲೋಡು ಇಳಿದ ಮೇಲೆ ಡ್ರಮ್ಮು ಬಿಚ್ಚಬೇಕು, ಒಳಗೆ ಬ್ರೇಕಿನ ಲೈನರು ಸುಟ್ಟು ಗಾಜಿನಂತೆ ಆಗಿರುತ್ತದೆ, ಬೇರಿಂಗಿನ ಗ್ರೀಸೂ ಕರಗಿರುತ್ತದೆ ಎಂದು ತಾನಾಗಿಯೇ ಹೇಳಿದ. ಈ ಕೆಲಸಕ್ಕೆ ರೊಕ್ಕ ಬೇಡ ಎಂದ.

ರೊಕ್ಕದ ಮಾತು ಆಮೇಲೆ ಎಂದೆ. ಮೊದಲು ಸಾಹುಕಾರರಿಗೆ ಫೋನು ಹಚ್ಚಿ ಎಂದೆ. ಅವನು ನಕ್ಕು ತೇಲಿಸಲು ನೋಡಿದ. ನಾನು ಗುಂಡಿಯ ಮೆಟ್ಟಿಲ ಮೇಲೆ ನಿಂತೇ ಇದ್ದೆ, ದಾರಿ ಬಿಡಲಿಲ್ಲ. ಕೊನೆಗೆ ಹಚ್ಚಿದ. ಸ್ಪೀಕರ್ ಹಾಕಿಸಿದೆ. ಆ ಕಡೆಯಿಂದ ಸಾಹುಕಾರರು ಬಾಳೆ ಎಲ್ಲಿ, ಗಾಡಿ ಎಲ್ಲಿ ಎಂದು ಕೂಗಾಡಿ ಮುಗಿಸುವ ತನಕ ಕಾದು ಅವನು ಹೇಳಿದ:

"ಸಾವ್ಕಾರ್ರ, ಅಕ್ಕಾರ ಕಾಲಿಂದೇನೂ ಇಲ್ಲರಿ. ನಮ್ಮ ಕಡಿಂದ ತಪ್ಪಾಗ್ಯಾದ. ಕೇಬಲ್ ತಪ್ಪು ಕಟ್ಟಿದ್ವಿ. ಅಕ್ಕಾರೇ ಹುಡುಕ್ಯಾರ."

ಬೆಂಚಿನ ಮೇಲೆ ಯಾರೂ ನಗಲಿಲ್ಲ. ಒಬ್ಬ ಎದ್ದು ಬಂದು ಗುಂಡಿಯೊಳಗೆ ಬಗ್ಗಿ ನೋಡಿದ. ಇಂಥ ಕಡೆ ನಾನೂ ನೋಡುತ್ತಿರಲಿಲ್ಲ ಎಂದ. ನಾನು ಮೇಲೆ ಹತ್ತುವಾಗ ಅವನೇ ಕೈ ಚಾಚಿದ. ಕೈ ಹಿಡಿಯದೆ ಹತ್ತಿದೆ.

ಅಂದು ಲೋಡು ಇಳಿಸಿ ಬಂದು ಡ್ರಮ್ಮು ಬಿಚ್ಚಿಸಿದಾಗ ಮಿಸ್ತ್ರಿ ಹೇಳಿದಂತೆಯೇ ಇತ್ತು. ಲೈನರು ಕಪ್ಪಾಗಿ ಬಿರುಕು ಬಿಟ್ಟಿತ್ತು, ಗ್ರೀಸು ಎಣ್ಣೆಯಾಗಿ ಹರಿದಿತ್ತು. ಇನ್ನೊಂದೆರಡು ಲೋಡು ಹೀಗೇ ಓಡಿದ್ದರೆ ಟಾಯರಿಗೇ ಬೆಂಕಿ ಹತ್ತುತ್ತಿತ್ತಂತೆ. ಸಾಹುಕಾರರು ಹೇಳಿದಂತೆ ಡ್ರೈವರನನ್ನು ಇಟ್ಟಿದ್ದರೆ ಆ ಬೆಂಕಿ ಅವನ ಕೈಯಲ್ಲಿ ಹತ್ತುತ್ತಿತ್ತು, ಆಗ ಎಲ್ಲರೂ ಗಾಡಿಯ ಕೆಳಗೆ ನೋಡುತ್ತಿದ್ದರು. ಗಂಡಸಿನ ಕಾಲನ್ನು ಯಾರೂ ಕೇಳುತ್ತಿರಲಿಲ್ಲ. ಮನೆಗೆ ಬರುವಾಗ ನನ್ನ ಗಂಡ, "ನಾನೂ ನಿನ್ನ ಕಾಲೇ ಅಂದೆ," ಎಂದರು.

"ಅಂದ್ರಿ," ಅಂದೆ. ಇರಲಿ ಬಿಡಿ ಎಂದು ಹೇಳಲಿಲ್ಲ. ಅವರೂ ಅದನ್ನು ಕೇಳಲಿಲ್ಲ. ಆದರೆ ಅವತ್ತಿನಿಂದ ಯಾರಾದರೂ ಗಾಡಿಯ ವಿಷಯ ಕೇಳಿದರೆ ಅವರು ನನ್ನ ಕಡೆ ಕೈಮಾಡಿ ಸುಮ್ಮನಾಗುವುದಿಲ್ಲ. ಆಕೆಯನ್ನು ಕೇಳಿ, ಆಕೆಗೆ ಗೊತ್ತು ಎನ್ನುತ್ತಾರೆ.

ಮುಂದಿನ ಲೋಡಿಗೆ ಕಮಲಾಪುರಕ್ಕೆ ಹೋದಾಗ ಸಾಹುಕಾರರ ಆಳುಗಳು ಎಂದಿನಂತೆ ಗೊನೆ ಪೇರಿಸತೊಡಗಿದರು. ನಾನು ಹಿಂದೆ ಹೋಗಿ ಪಾಟಾ ನೋಡಿದೆ. ಪಟ್ಟಿಗಳು ಆಗಲೇ ಚಪ್ಪಟೆಯಾಗಿದ್ದವು, ಅವರು ಇನ್ನೂ ಹೇರುತ್ತಲೇ ಇದ್ದರು. ಸಾಕು, ಮೇಲಿನ ಸಾಲು ಇಳಿಸಿ ಎಂದೆ. ಆಳುಗಳು ಸಾಹುಕಾರರ ಕಡೆ ನೋಡಿದರು. ಸಾಹುಕಾರರು ಎಂದಿನ ಅಭ್ಯಾಸದಲ್ಲಿ ನನ್ನ ಗಂಡನ ಕಡೆ ನೋಡಿದರು. ಅವರು ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದರು. ಆಗ ಸಾಹುಕಾರರು ನನ್ನ ಕಡೆ ತಿರುಗಿದರು. ನನ್ನ ಜೊತೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

"ಮೊದಲೆಲ್ಲ ಇಷ್ಟೇ ಒಯ್ತಿದ್ದಿ ಅಲ್ಲವ್ವಾ. ಈಗೇನಾತು?"

"ಮೊದಲು ಗಾಡಿ ಸುಡ್ತಿತ್ತರಿ," ಅಂದೆ. "ಮ್ಯಾಲಿನ ಸಾಲು ಇಳಿದ ಮ್ಯಾಲೇ ಹೊರಡ್ತೀನಿ. ಬ್ಯಾಡಾಂದ್ರ ಬ್ಯಾರೆ ಗಾಡಿ ನೋಡ್ಕೋರಿ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ತೋಟದ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು. ನಾನು ಬಾನೆಟ್ಟಿಗೆ ಒರಗಿ ನಿಂತೆ. ನನಗೇನೂ ಅವಸರವಿರಲಿಲ್ಲ. ಕೊನೆಗೆ ಅವರು ಆಳುಗಳಿಗೆ ಕೈಸನ್ನೆ ಮಾಡಿದರು. ಮೇಲಿನ ಸಾಲಿನ ಗೊನೆಗಳು ಒಂದೊಂದಾಗಿ ಕೆಳಗಿಳಿದವು. ಕೊನೆಯ ಗೊನೆ ನೆಲ ಮುಟ್ಟಿದ ಮೇಲೆ ನಾನು ಹತ್ತಿ ಕೂತು ಗಾಡಿ ಚಾಲು ಮಾಡಿದೆ.